ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಮಾತ್ರ ಇಲ್ಲ: ಡೊಂಬಿವಲಿಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆ

ಡೊಂಬಿವಲಿ ಪೂರ್ವ | ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮನೆಯ ವೈಫೈ ವಿಷಯದಲ್ಲಿ ಸ್ವಲ್ಪ ಸಹಾಯ ಬೇಕಿತ್ತು. ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲವೂ ವೈಫೈಗೆ ಕನೆಕ್ಟ್ ಆಗುತ್ತವೆ. ಸಿಗ್ನಲ್ ಫುಲ್ ಇದೆ. ಆದರೆ ವೈಫೈ ಹೆಸರಿನ ಕೆಳಗೆ ‘ಕನೆಕ್ಟೆಡ್, ನೋ ಇಂಟರ್ನೆಟ್’ ಅಂತ ಬರುತ್ತದೆ. ಒಂದು ಪುಟವೂ ತೆರೆಯುವುದಿಲ್ಲ.

ನಮ್ಮದು ಗಲ್ಲಿಯ ಕೇಬಲ್‌ನವರ ಫೈಬರ್. ಗೋಡೆಯ ಮೇಲೆ ಅವರ ಬಿಳಿ ಬಾಕ್ಸ್ ಇದೆ. ಅದರಿಂದ ಒಂದು ಕೇಬಲ್ ಟಿವಿ ಪಕ್ಕದಲ್ಲಿರುವ ನಮ್ಮ ಸ್ವಂತ ರೌಟರ್‌ಗೆ ಹೋಗುತ್ತದೆ. ಕಳೆದ ವಾರದ ಜೋರು ಮಳೆಯಲ್ಲಿ ನೆಟ್ ಪೂರ್ತಿ ಹೋಗಿತ್ತು. ಅವರ ಹುಡುಗ ಬಂದು ಬಿಳಿ ಬಾಕ್ಸ್ ಬದಲಾಯಿಸಿ ಹೋದ. ಆಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂತು ನೋಡಿ, ಅಲ್ಲಿಂದ ಈ ತೊಂದರೆ. ಒಮ್ಮೊಮ್ಮೆ ರೌಟರ್ ಆಫ್ ಮಾಡಿ ಆನ್ ಮಾಡಿದರೆ ನೆಟ್ ಬರುತ್ತದೆ. ಒಮ್ಮೊಮ್ಮೆ ಏನು ಮಾಡಿದರೂ ಇಲ್ಲ.

ಕೇಬಲ್ ಆಫೀಸಿಗೆ ಫೋನ್ ಮಾಡಿದರೆ ‘ಆಮ್ಚ್ಯಾಕಡೂನ್ ಸಗ್ಳಂ ಠೀಕ್ ಆಹೆ, ತುಮ್ಚಾ ರೌಟರ್ ಖರಾಬ್ ಝಾಲಾ’ (ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ರೌಟರ್ ಹಾಳಾಗಿದೆ) ಅನ್ನುತ್ತಾರೆ. ಹೊಸದು ತಗೊಳ್ಳಿ, ನಾವೇ ಹಾಕಿಕೊಡುತ್ತೇವೆ ಅಂತಲೂ ಹೇಳಿದರು. ಮಗಳಿಗೆ ಸಂಜೆ ಆನ್‌ಲೈನ್ ಕ್ಲಾಸ್. ಅತ್ತೆಯವರು ದಿನಾ ಕುಂದಾಪುರದ ಮನೆಗೆ ವಿಡಿಯೊ ಕಾಲ್ ಮಾಡುತ್ತಾರೆ. ಸದ್ಯಕ್ಕೆ ಎಲ್ಲವೂ ನನ್ನ ಫೋನಿನ ಹಾಟ್‌ಸ್ಪಾಟ್ ಮೇಲೆ ನಡೆಯುತ್ತಿದೆ. ರೌಟರ್ ನಿಜವಾಗಿ ಹಾಳಾಗಿದೆಯಾ? ಹೊಸದು ಕೊಳ್ಳಲೇಬೇಕಾ?

ಚಿಂಚವಡ್ ಕನ್ನಡಿಗ | ರಾತ್ರಿ 9:25

ಅಕ್ಕ, ರೌಟರ್ ಹಿಂದೆ ಒಂದು ಸಣ್ಣ ತೂತಿನೊಳಗೆ ರಿಸೆಟ್ ಬಟನ್ ಇರುತ್ತದೆ. ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ನಮ್ಮ ಮನೆಯಲ್ಲಿ ಇದೇ ಥರ ಆದಾಗ ಅಷ್ಟರಲ್ಲೇ ಸರಿಹೋಯಿತು.

ಠಾಣೆ ನೆಟ್‌ವರ್ಕ್ | ರಾತ್ರಿ 9:40

ಅಕ್ಕ, ದಯವಿಟ್ಟು ಈಗಲೇ ರಿಸೆಟ್ ಒತ್ತಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ರಿಸೆಟ್ ಬೇರೆ. ಚಿಂಚವಡ್ ಅವರೇ, ನಿಮ್ಮ ಲೈನ್‌ನಲ್ಲಿ ಅದು ಕೆಲಸ ಮಾಡಿರಬಹುದು. ಕೆಲವು ಲೈನ್‌ಗಳಲ್ಲಿ ರೌಟರ್ ಹಚ್ಚಿದ ಕೂಡಲೇ ಐಪಿ (ನೆಟ್ ಮೇಲಿನ ವಿಳಾಸ) ತಾನಾಗಿ ಬರುತ್ತದೆ, ಒಳಗೆ ಏನೂ ತುಂಬಬೇಕಾಗಿಲ್ಲ. ಆದರೆ ನಮ್ಮ ಕಡೆ ಗಲ್ಲಿ ಕೇಬಲ್‌ನವರಲ್ಲಿ ಎಷ್ಟೋ ಜನ ಪಿಪಿಪಿಒಇ ಇಟ್ಟಿರುತ್ತಾರೆ. ಅಂದ್ರೆ ಅವರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ರೌಟರ್ ಒಳಗೆ ಕೂತಿರುತ್ತದೆ. ಕೆಲವರ ಲೈನ್‌ಗೆ ವಿಲ್ಯಾನ್ ನಂಬರ್ (ಒಂದೇ ತಂತಿಯೊಳಗೆ ಲೈನುಗಳನ್ನು ಬೇರ್ಪಡಿಸುವ ಗುರುತು) ಕೂಡ ಇರುತ್ತದೆ. ರಿಸೆಟ್ ಮಾಡಿದರೆ ಅದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಮೊದಲಿನ ತೊಂದರೆ ಯಾವುದು, ರಿಸೆಟ್‌ನಿಂದ ಆದದ್ದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಇದೇ ಕೆಲಸದಲ್ಲಿರುವವನು. ಎಲ್ಲಿ ತುಂಡಾಗಿದೆ ಅಂತ ನೋಡದೆ ಮೊದಲು ರಿಸೆಟ್ ಹೇಳುವುದು ನನಗೆ ಸರಿ ಅನ್ನಿಸುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಫೋನ್ ‘ಕನೆಕ್ಟೆಡ್’ ಅಂದಾಗ ಅದು ಹೇಳುತ್ತಿರುವುದು ಫೋನಿನಿಂದ ರೌಟರ್‌ವರೆಗಿನ ಮಾತು ಮಾತ್ರ. ಸಿಗ್ನಲ್ ಫುಲ್ ಇದ್ದರೂ ಅಷ್ಟೇ ಅರ್ಥ. ಅಲ್ಲಿಂದ ಮುಂದಿನ ದಾರಿ ಬೇರೆ. ರೌಟರ್‌ನಿಂದ ಬಿಳಿ ಬಾಕ್ಸ್, ಬಾಕ್ಸ್‌ನಿಂದ ಫೈಬರ್, ಫೈಬರ್‌ನಿಂದ ಕೇಬಲ್ ಆಫೀಸು, ಅಲ್ಲಿಂದ ಹೊರಗೆ. ‘ನೋ ಇಂಟರ್ನೆಟ್’ ಅಂತ ಫೋನ್ ಸುಮ್ನೆ ಊಹಿಸಿ ಬರೆಯುವುದಿಲ್ಲ. ವೈಫೈ ಸಿಕ್ಕ ಕೂಡಲೇ ಆಂಡ್ರಾಯ್ಡ್ ಫೋನ್ ಗೂಗಲ್‌ನ ಒಂದು ಸಣ್ಣ ವಿಳಾಸವನ್ನು ಕೇಳಿ ನೋಡುತ್ತದೆ. ಅಲ್ಲಿಂದ 204 ಅನ್ನುವ ಖಾಲಿ ಉತ್ತರ ಬರಬೇಕು. ಬರದಿದ್ದರೆ ಈ ಸಾಲು ತೋರಿಸುತ್ತದೆ. ವಿಂಡೋಸ್ ಕೂಡ ಇಂಥದ್ದೇ ಪರೀಕ್ಷೆ ಮಾಡುತ್ತದೆ. ನಿಮ್ಮಲ್ಲಿ ಎಲ್ಲ ಸಾಧನಗಳಿಗೂ ಒಂದೇ ಸಲ ಆಗಿದೆ. ಹಾಗಾಗಿ ಫೋನ್, ಲ್ಯಾಪ್‌ಟಾಪ್‌ನಲ್ಲಿ ಹುಡುಕುವುದು ಬೇಡ. ರೌಟರ್ ಮತ್ತು ಅದರಾಚೆ ನೋಡಬೇಕು.

ಎರಡು ವಿಷಯ ತಿಳಿಸಿ. ಒಂದು, ಬಿಳಿ ಬಾಕ್ಸಿನಲ್ಲಿ ಪಾನ್ ಮತ್ತು ಲಾಸ್ ಅಂತ ಎರಡು ಲೈಟ್ ಇರುತ್ತವೆ, ಅವು ಹೇಗಿವೆ? ಎರಡು, ಬ್ರೌಸರ್‌ನಲ್ಲಿ ನಿಮ್ಮ ರೌಟರ್ ಪುಟ ತೆರೆಯಿರಿ. ವಿಳಾಸ ರೌಟರ್ ಅಡಿಯ ಸ್ಟಿಕ್ಕರ್ ಮೇಲಿರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಫೋನಿನಲ್ಲಿ ತೆರೆಯುವುದಾದರೆ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ವೈಫೈಯಲ್ಲಿ ನೆಟ್ ಇಲ್ಲ ಅಂತ ಫೋನ್ ಸದ್ದಿಲ್ಲದೆ ಡೇಟಾಗೆ ಹೋಗಿಬಿಡುತ್ತದೆ, ರೌಟರ್ ಪುಟ ತೆರೆಯುವುದೇ ಇಲ್ಲ. ಎಷ್ಟೋ ಜನ ಇಲ್ಲೇ ಸಿಕ್ಕಿಹಾಕಿಕೊಂಡು ರೌಟರ್ ಸತ್ತಿದೆ ಅಂದುಕೊಳ್ಳುತ್ತಾರೆ. ಪುಟದಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಅನ್ನುವ ಜಾಗದಲ್ಲಿ ಏನು ಬರೆದಿದೆ, ಹಾಗೇ ನೋಡಿ ಹೇಳಿ.

ಭಾಂಡುಪ್ ಫೈಬರ್ | ರಾತ್ರಿ 10:05

ಲೈಟ್ ವಿಷಯ ನಾನು ಹೇಳುತ್ತೇನೆ. ಲೈನ್ ಎಳೆಯುವುದು, ಜಾಯಿಂಟ್ ಮಾಡುವುದೇ ನನ್ನ ಕೆಲಸ. ಲಾಸ್ ಕೆಂಪು ಮಿನುಗಿದರೆ ಬಾಕ್ಸಿಗೆ ಬೆಳಕೇ ಬರುತ್ತಿಲ್ಲ ಅಂತ. ಆಗ ಮನೆಯಲ್ಲಿ ಏನು ಒತ್ತಿದರೂ ಪ್ರಯೋಜನವಿಲ್ಲ, ಲೈನ್‌ಮನ್ ಬರಲೇಬೇಕು. ಲಾಸ್ ಆರಿದ್ದು ಪಾನ್ ಹಸಿರು ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಆಫೀಸಿನ ಯಂತ್ರ ಈ ಬಾಕ್ಸನ್ನು ಒಪ್ಪಿಕೊಂಡಿಲ್ಲ. ಪಾನ್ ಅಲುಗಾಡದೆ ಹಸಿರು ಇದ್ದರೆ ಫೈಬರ್ ಸರಿ ಇದೆ.

ಬಾಕ್ಸಿನ ಪುಟದೊಳಗೆ ಆಪ್ಟಿಕಲ್ ಪವರ್, ಅಂದ್ರೆ ಬೆಳಕಿನ ಬಲ, ಅಂತ ಒಂದು ಅಂಕಿ ಇರುತ್ತದೆ, ಮೈನಸ್‌ನಲ್ಲಿ. ಮನೆಗಳಿಗೆ ಬರುವ ನಮ್ಮ ಜಿಪಾನ್ ಫೈಬರ್ ಲೈನ್‌ಗಳಲ್ಲಿ ಅದು −8ರಿಂದ −27 ಡಿಬಿಎಂ ಒಳಗೆ ಇರಬೇಕು. −27ರ ಹತ್ತಿರ ಹೋದಷ್ಟೂ ಲೈನ್ ಕಡಿದು ಕಡಿದು ಬರುತ್ತದೆ. ಮಳೆ ಬಂದರೆ ಫೈಬರ್ ಹೋಗುತ್ತದೆ ಅನ್ನುತ್ತಾರಲ್ಲ, ಗಾಜಿನ ಎಳೆಗೆ ಮಳೆಯಿಂದ ಏನೂ ಆಗುವುದಿಲ್ಲ. ಜಾಯಿಂಟ್ ಬಾಕ್ಸಿನೊಳಗೆ ನೀರು ಹೋಗುತ್ತದೆ, ಇಲ್ಲವೇ ಟೆರೇಸಿನಿಂದ ಟೆರೇಸಿಗೆ ಎಳೆದ ಕೇಬಲ್ ಗಾಳಿಗೆ ಜಗ್ಗಿ ಎಲ್ಲೋ ಮಡಚಿಕೊಳ್ಳುತ್ತದೆ. ಕಿಟಕಿಯ ಸ್ಲೈಡಿಂಗ್ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ಎಳೆಗಳನ್ನೂ ನೋಡಿದ್ದೇನೆ. ಅಕ್ಕ, ಫೈಬರ್ ನಿಮ್ಮ ಮನೆಯೊಳಗೆ ಬರುವ ಜಾಗದಲ್ಲಿ ಅದು ಕಿಟಕಿಗೆ ಸಿಕ್ಕಿಲ್ಲ ಅಂತ ಒಂದು ಸಲ ನೋಡಿಬಿಡಿ.

ಡೊಂಬಿವಲಿ ಪೂರ್ವ | ರಾತ್ರಿ 10:35

ಎಲ್ಲ ನೋಡಿದೆ. ಪಾನ್ ಹಸಿರು, ಮಿನುಗುತ್ತಿಲ್ಲ. ಲಾಸ್ ಆರಿದೆ. ಫೈಬರ್ ಎಸಿಯ ತೂತಿನಿಂದ ಬರುತ್ತದೆ, ಎಲ್ಲೂ ಸಿಕ್ಕಿಕೊಂಡಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿದ ಮೇಲೆ ರೌಟರ್ ಪುಟ ತೆರೆಯಿತು. ವ್ಯಾನ್ ಟೈಪ್ ಪಿಪಿಪಿಒಇ ಅಂತಿದೆ. ಐಪಿ ಅಡ್ರೆಸ್ 0.0.0.0. ಅದರ ಕೆಳಗೆ ‘ಅಥೆಂಟಿಕೇಶನ್ ಫೇಲ್ಡ್’. ಯೂಸರ್‌ನೇಮ್ ಮೊದಲಿನದೇ ಇದೆ, ಯಾರೂ ಮುಟ್ಟಿಲ್ಲ.

ಮಾಟುಂಗದ ಹಿರಿಯ | ರಾತ್ರಿ 10:50

ತಂಗಿ, ಪ್ಯಾಕ್ ಮುಗಿದಿಲ್ಲ ತಾನೆ? ಹಣ ಕಟ್ಟಿದ್ದರೂ ಅವರ ಕಡೆ ರಿನ್ಯೂ ಒತ್ತದೆ ಬಿಟ್ಟರೆ ಹೀಗೇ ಆಗುತ್ತದೆ. ಮತ್ತೆ ಇನ್ನೊಂದು ಮಾತು. ಬರೀ ಫೋನಿನಲ್ಲಿ ಮಾತಾಡಿ ಬಿಡಬೇಡಿ. ಕಂಪನಿಯ ದೂರು ಕೇಂದ್ರದಲ್ಲಿ ದೂರು ಬರೆಸಿ ಡಾಕೆಟ್ ನಂಬರ್ (ದೂರಿನ ನಂಬರ್) ತಗೊಳ್ಳಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ಅದು ನಮಗೆ ಸಿಗಬೇಕಾದ ನಂಬರ್. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ನಂಬರ್ ಇಲ್ಲದಿದ್ದರೆ ನೀವು ದೂರು ಕೊಟ್ಟದ್ದಕ್ಕೆ ಆಧಾರವೇ ಇರುವುದಿಲ್ಲ. ಗಲ್ಲಿ ಕೇಬಲ್‌ನವರ ಮೇಲೂ ಒಂದು ದೊಡ್ಡ ಕಂಪನಿ ಇರುತ್ತದೆ, ಬಿಲ್ಲಿನಲ್ಲಿ ಅದರ ಹೆಸರು ನೋಡಿ.

ಠಾಣೆ ನೆಟ್‌ವರ್ಕ್ | ರಾತ್ರಿ 11:05

ಅಕ್ಕ, ನೀವು ಬರೆದ ‘ಅಥೆಂಟಿಕೇಶನ್ ಫೇಲ್ಡ್’, ಅಂದ್ರೆ ಲಾಗಿನ್ ಒಪ್ಪಲಿಲ್ಲ ಅನ್ನುವ ಒಂದು ಸಾಲಿನಿಂದ ಅರ್ಧ ಕೆಲಸ ಮುಗಿಯಿತು. ರೌಟರ್ ಹಾಳಾಗಿಲ್ಲ. ಹಣ ಹಾಕಬೇಡಿ.

ಹೇಗೆ ಅಂದರೆ, ಪಿಪಿಪಿಒಇಯಲ್ಲಿ ರೌಟರ್ ಮೊದಲು ಲೈನ್ ಮೇಲೆ ‘ಯಾರಾದರೂ ಇದ್ದೀರಾ’ ಅಂತ ಕೂಗುತ್ತದೆ. ಆಫೀಸಿನ ಸರ್ವರ್ ಓಗೊಡುತ್ತದೆ. ಆಮೇಲೆ ರೌಟರ್ ಹೆಸರು, ಪಾಸ್‌ವರ್ಡ್ ಕೊಡುತ್ತದೆ. ಕೂಗಿಗೆ ಉತ್ತರವೇ ಬರದಿದ್ದರೆ ಪುಟದಲ್ಲಿ ‘ಸರ್ವರ್‌ನಿಂದ ಉತ್ತರವಿಲ್ಲ’ ಅನ್ನುವ ಅರ್ಥದ ಸಾಲು ಇರುತ್ತಿತ್ತು. ಆಗ ಕೇಬಲ್, ಪೋರ್ಟ್, ವಿಲ್ಯಾನ್ ನೋಡಬೇಕಿತ್ತು. ನಿಮ್ಮಲ್ಲಿ ಸರ್ವರ್ ಉತ್ತರ ಕೊಟ್ಟಿದೆ, ಮಾತು ಕೇಳಿದೆ, ಆಮೇಲೆ ‘ಬೇಡ’ ಅಂದಿದೆ. ಅಂದ್ರೆ ರೌಟರ್‌ನಿಂದ ಸರ್ವರ್‌ವರೆಗೆ ದಾರಿ ಪೂರ್ತಿ ಸರಿ ಇದೆ. ಬೇಡ ಅನ್ನಲು ಕಾರಣ ನಾಲ್ಕೈದು ಇರಬಹುದು. ಪ್ಯಾಕ್ ಮುಗಿದಿರಬಹುದು, ಅದನ್ನು ಹಿರಿಯರು ಹೇಳಿದರು. ಪಾಸ್‌ವರ್ಡ್ ಬದಲಾಯಿಸಿರಬಹುದು. ಮ್ಯಾಕ್ ಅಡ್ರೆಸ್, ಅಂದ್ರೆ ಪ್ರತಿ ಸಾಧನದ ಗುರುತಿನ ನಂಬರ್, ಐಡಿಗೆ ಕಟ್ಟಿಹಾಕಿರಬಹುದು, ಹಾಗಿದ್ದರೆ ಬೇರೆ ಸಾಧನದಿಂದ ಬಂದ ಲಾಗಿನ್ ಒಪ್ಪುವುದಿಲ್ಲ. ಇಲ್ಲವೇ ಆ ಐಡಿಯಲ್ಲಿ ಆಗಲೇ ಒಬ್ಬರು ಒಳಗೆ ಇರಬಹುದು. ಮನೆ ಕನೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಐಡಿಗೆ ಒಂದೇ ಸೆಷನ್, ಅಂದ್ರೆ ಒಂದು ಸಲಕ್ಕೆ ಒಂದೇ ಲಾಗಿನ್, ಬಿಡುತ್ತಾರೆ.

ಭಾಂಡುಪ್ ಫೈಬರ್ | ರಾತ್ರಿ 11:15

ಕರೆಂಟ್ ಹೋದ ಮೇಲೆ ಶುರುವಾಯಿತು ಅಂದರಲ್ಲ, ನನಗೆ ಹಳೇ ಸೆಷನ್ ಸಿಕ್ಕಿಕೊಂಡಂತೆ ಕಾಣುತ್ತದೆ. ಕರೆಂಟ್ ಹೋದಾಗ ರೌಟರ್ ಹೇಳದೆ ಕೇಳದೆ ಆರಿಹೋಗುತ್ತದೆ. ಸರ್ವರ್‌ಗೆ ಅದು ಹೋದದ್ದು ಗೊತ್ತಾಗುವುದಿಲ್ಲ, ಐಡಿ ಇನ್ನೂ ಒಳಗಿದೆ ಅಂದುಕೊಂಡಿರುತ್ತದೆ. ರೌಟರ್ ಮತ್ತೆ ಬಂದಾಗ ‘ನೀನು ಆಗಲೇ ಒಳಗಿದ್ದೀಯಲ್ಲ’ ಅಂತ ಬಾಗಿಲು ಹಾಕುತ್ತದೆ. ನಾಳೆ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿ ‘ಸೆಷನ್ ಕ್ಲಿಯರ್ ಕರಾ’ ಅನ್ನಿ, ಅಷ್ಟೇ. ರೌಟರ್ ಖರಾಬ್ ಅಂದಾಗ ವಾದ ಮಾಡಬೇಡಿ. ‘ಅಥೆಂಟಿಕೇಶನ್ ಫೇಲ್ಡ್ ಬರ್ತಿದೆ, ನನ್ನ ಐಡಿ ಆನ್‌ಲೈನ್ ತೋರಿಸ್ತಿದೆಯಾ’ ಅಂತ ನೇರವಾಗಿ ಕೇಳಿ. ಆ ಪ್ರಶ್ನೆಗೆ ಅವರು ಪರದೆ ನೋಡಿಯೇ ಉತ್ತರ ಕೊಡಬೇಕಾಗುತ್ತದೆ.

ಕೋಥ್ರೂಡ್ ಪಿಜಿ | ಬೆಳಿಗ್ಗೆ 7:50

ಮಧ್ಯದಲ್ಲಿ ಬಂದೆ, ಕ್ಷಮಿಸಿ. ನನ್ನದೂ ‘ನೋ ಇಂಟರ್ನೆಟ್’ ತೊಂದರೆಯೇ. ಪುಣೆಯಲ್ಲಿ ಪಿಜಿಯಲ್ಲಿದ್ದೇನೆ. ಎಲ್ಲರ ಫೋನಿಗೂ ನೆಟ್ ಬರುತ್ತದೆ. ನಾನು ಫೋನ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ನನಗೆ ಮಾತ್ರ ಬರುತ್ತಿಲ್ಲ. ಓನರ್ ಆಂಟಿ ‘ನಿನ್ನ ಫೋನ್ ಲಿಸ್ಟ್‌ನಲ್ಲಿ ಇದೆಯಲ್ಲ ಮತ್ತೆ’ ಅನ್ನುತ್ತಾರೆ.

ಠಾಣೆ ನೆಟ್‌ವರ್ಕ್ | ಬೆಳಿಗ್ಗೆ 8:15

ತಮ್ಮಾ, ಲಿಸ್ಟ್ ಅಂದಿದ್ದಾರೆ ಅಂದರೆ ಮ್ಯಾಕ್ ಅಡ್ರೆಸ್ ನೋಡಿ ಬಿಡುತ್ತಿದ್ದಾರೆ. 2019ರ ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ, ಫೋನ್‌ಗಳು ಪ್ರತಿ ವೈಫೈಗೂ ಒಂದೊಂದು ಬೇರೆ ಹುಸಿ ಮ್ಯಾಕ್ ತೋರಿಸುತ್ತವೆ. ನಮ್ಮ ಜಾಡು ಹಿಡಿಯಬಾರದು ಅಂತ ಈ ವ್ಯವಸ್ಥೆ. ಫಾರ್ಮ್ಯಾಟ್ ಮಾಡಿದಾಗ ಹೊಸ ಮ್ಯಾಕ್ ಬಂದಿರುತ್ತದೆ. ಲಿಸ್ಟ್‌ನಲ್ಲಿ ಹಳೆಯದು ಇದೆ. ವೈಫೈ ಹೆಸರಿನ ಪಕ್ಕದ ಗಿಯರ್ ಒತ್ತಿ, ಪ್ರೈವೆಸಿಯಲ್ಲಿ ‘ಡಿವೈಸ್ ಮ್ಯಾಕ್’ ಆರಿಸಿ ಮತ್ತೆ ಕನೆಕ್ಟ್ ಮಾಡು. ಆ ಮ್ಯಾಕ್ ಆಂಟಿಗೆ ಕೊಡು. ಅದರಿಂದಲೂ ಆಗದಿದ್ದರೆ ಪ್ರೈವೇಟ್ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಏನಾದರೂ ಹೆಸರು ಇದೆಯಾ ನೋಡು. ಜಾಹೀರಾತು ತಡೆಯಲು ಅಂತ ಯಾರೋ ಹಾಕಿಕೊಟ್ಟಿರುತ್ತಾರೆ. ಪಿಜಿಯ ನೆಟ್‌ವರ್ಕ್ ಅದನ್ನು ತಡೆದರೆ ನೆಟ್ ಇದ್ದರೂ ಒಂದು ಸೈಟಿನ ಹೆಸರನ್ನೂ ಐಪಿಯಾಗಿ ಬಿಡಿಸಲು ಆಗುವುದಿಲ್ಲ, ಡಿಎನ್‌ಎಸ್‌ನ ಕೆಲಸವೇ ಅದು. ‘ಆಟೊಮ್ಯಾಟಿಕ್’ಗೆ ತಿರುಗಿಸು.

ಡೊಂಬಿವಲಿ ಪೂರ್ವ | ಬೆಳಿಗ್ಗೆ 11:30

ಆಫೀಸಿಗೆ ಫೋನ್ ಮಾಡಿದೆ. ಪ್ಯಾಕ್ ಈ ತಿಂಗಳ ಕೊನೆಯವರೆಗೂ ಇದೆ. ಭಾಂಡುಪ್ ಅಣ್ಣ ಹೇಳಿದ ಹಾಗೇ ಕೇಳಿದೆ. ‘ಹೋ, ಐಡಿ ಆನ್‌ಲೈನ್ ದಿಸ್ತೆ’ (ಹೌದು, ಐಡಿ ಆನ್‌ಲೈನ್ ಕಾಣ್ತಿದೆ) ಅಂದರು. ಸೆಷನ್ ಕ್ಲಿಯರ್ ಮಾಡಿದರು. ನೆಟ್ ಬಂತು! ತುಂಬ ಥ್ಯಾಂಕ್ಸ್ ಎಲ್ಲರಿಗೂ.

ಡೊಂಬಿವಲಿ ಪೂರ್ವ | ಸಂಜೆ 6:40

ಮತ್ತೆ ಹೋಯಿತು. ಮಧ್ಯಾಹ್ನ ಸ್ವಲ್ಪ ಹೊತ್ತು ಕರೆಂಟ್ ಇರಲಿಲ್ಲ. ಬಂದ ಮೇಲೆ ಅದೇ ಸಾಲು. ಆಫೀಸಿನವರು ಮತ್ತೆ ಕ್ಲಿಯರ್ ಮಾಡಿದರು, ಈ ಸಲ ಅದರಿಂದಲೂ ಬರಲಿಲ್ಲ. ಕ್ಲಿಯರ್ ಮಾಡಿದ ಕೂಡಲೇ ಐಡಿ ಮತ್ತೆ ಆನ್‌ಲೈನ್ ಆಗುತ್ತದಂತೆ. ‘ತುಮ್ಚಂ ನೆಟ್ ಚಾಲು ಆಹೆ ಮ್ಯಾಡಮ್’ (ನಿಮ್ಮ ನೆಟ್ ನಡೀತಿದೆ ಮ್ಯಾಡಮ್) ಅನ್ನುತ್ತಾರೆ. ಇಲ್ಲಿ ನನ್ನ ಎದುರಿಗೇ 0.0.0.0 ಇದೆ. ಮಗಳ ಕ್ಲಾಸ್ ಶುರುವಾಗುವ ಹೊತ್ತು. ನನಗೆ ಅಳು ಬರುವುದೊಂದು ಬಾಕಿ.

ಚಿಂಚವಡ್ ಕನ್ನಡಿಗ | ಸಂಜೆ 6:55

ಅಕ್ಕ, ಹಾಗಾದರೆ ನಿಮ್ಮ ಐಡಿ, ಪಾಸ್‌ವರ್ಡ್ ಬೇರೆ ಯಾರೋ ಬಳಸುತ್ತಿದ್ದಾರೆ. ಕ್ಲಿಯರ್ ಮಾಡಿದ ಕೂಡಲೇ ಅವರು ಒಳಗೆ ಬರುತ್ತಿದ್ದಾರೆ. ಬಾಕ್ಸ್ ಹಾಕಿದ ಹುಡುಗ ಯಾರಿಗಾದರೂ ಕೊಟ್ಟಿರಬಹುದು. ಪಕ್ಕದ ಮನೆಯಲ್ಲಿ ಈಗ ಯಾರಾದರೂ ಹೊಸ ಕನೆಕ್ಷನ್ ತಗೊಂಡಿದ್ದಾರಾ?

ಠಾಣೆ ನೆಟ್‌ವರ್ಕ್ | ಸಂಜೆ 7:10

ಚಿಂಚವಡ್ ಅವರೇ, ಯಾರೋ ಒಳಗಿದ್ದಾರೆ ಅನ್ನುವುದು ನೂರಕ್ಕೆ ನೂರು ಸರಿ. ಆದರೆ ಪಕ್ಕದ ಮನೆಯವರ ಹೆಸರು ಎತ್ತುವ ಮೊದಲು ಗೋಡೆ ಮೇಲಿನ ಬಾಕ್ಸ್ ನೋಡೋಣ. ಒಂದು ಸೊಸೈಟಿಯಲ್ಲಿ ಇಂಥ ಮಾತು ಒಮ್ಮೆ ಹೊರಬಿದ್ದರೆ ವಾಪಸ್ ತಗೊಳ್ಳಲು ಆಗುವುದಿಲ್ಲ.

ಅಕ್ಕ, ಆಫೀಸಿನವರ ಪರದೆಯಲ್ಲಿ ಆನ್‌ಲೈನ್ ಇರುವ ಐಡಿಯ ಪಕ್ಕ ಮ್ಯಾಕ್ ಅಡ್ರೆಸ್ ಇರುತ್ತದೆ. ಎರಡೆರಡು ಅಕ್ಷರದ ಆರು ಜೋಡಿ. ಅದನ್ನು ಓದಲು ಹೇಳಿ, ಬರೆದುಕೊಳ್ಳಿ. ಆಮೇಲೆ ನಿಮ್ಮ ರೌಟರ್ ತಿರುಗಿಸಿ ಸ್ಟಿಕ್ಕರ್ ನೋಡಿ. ಬಿಳಿ ಬಾಕ್ಸಿನ ಸ್ಟಿಕ್ಕರ್ ಕೂಡ ನೋಡಿ. ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯದು, ಉಳಿದ ಮೂರು ಆ ಸಾಧನದ್ದು. ಉಳಿದದ್ದೆಲ್ಲ ಹೊಂದಿ ಕೊನೆಯ ಜೋಡಿಯಲ್ಲಿ ಮಾತ್ರ ಒಂದೆರಡು ಅಂಕಿ ಹೆಚ್ಚು ಕಡಿಮೆ ಇದ್ದರೆ ಸಾಮಾನ್ಯವಾಗಿ ಅದೇ ಸಾಧನ. ಒಂದೇ ಪೆಟ್ಟಿಗೆಯ ವೈಫೈಗೆ ಒಂದು, ವ್ಯಾನ್‌ಗೆ ಒಂದು ಅಂತ ಹತ್ತಿರಹತ್ತಿರದ ನಂಬರ್ ಕೊಟ್ಟಿರುತ್ತಾರೆ.

ಇನ್ನೊಂದು. ಫೋನಿನ ವೈಫೈ ಪಟ್ಟಿ ತೆರೆದು ಬಿಳಿ ಬಾಕ್ಸಿನ ಹತ್ತಿರ ನಿಂತು ನೋಡಿ. ನಿಮಗೆ ಗೊತ್ತಿಲ್ಲದ ಹೆಸರು ಯಾವುದಾದರೂ ಬಹಳ ಜೋರು ಸಿಗ್ನಲ್‌ನಲ್ಲಿ ಕಾಣುತ್ತಿದೆಯಾ?

ಡೊಂಬಿವಲಿ ಪೂರ್ವ | ರಾತ್ರಿ 8:05

ಸಿಕ್ಕಿತು. ಆಫೀಸಿನವರು ಓದಿದ್ದು ನಮ್ಮ ರೌಟರ್‌ಗೆ ಹೊಂದುವುದೇ ಇಲ್ಲ. ಬಿಳಿ ಬಾಕ್ಸನ್ನು ಮೊಳೆಯಿಂದ ಇಳಿಸಿ ಹಿಂದೆ ನೋಡಿದೆ. ಸಣ್ಣ ಅಕ್ಷರ, ಮಗಳು ಫೋಟೊ ತೆಗೆದು ದೊಡ್ಡದು ಮಾಡಿ ಓದಿದಳು. ಮೊದಲ ಐದು ಜೋಡಿ ಹಾಗೇ ಹೊಂದುತ್ತದೆ. ಕೊನೆಯದು ಸ್ಟಿಕ್ಕರ್‌ನಲ್ಲಿ 41, ಅವರು ಹೇಳಿದ್ದು 42. ಅದೇ ಸ್ಟಿಕ್ಕರ್‌ನಲ್ಲಿ ಒಂದು ವೈಫೈ ಹೆಸರು, ಪಾಸ್‌ವರ್ಡ್ ಅಚ್ಚಾಗಿದೆ. ಫೋನಿನ ಪಟ್ಟಿಯಲ್ಲೂ ಅದೇ ಹೆಸರು ಮೇಲೆ ಕಾಣುತ್ತಿತ್ತು. ಮೇಲಿನ ಮಹಡಿಯವರದ್ದು ಅಂದುಕೊಂಡಿದ್ದೆವು. ಕನೆಕ್ಟ್ ಮಾಡಿದೆ, ನೆಟ್ ಚೆನ್ನಾಗಿ ಬರುತ್ತಿದೆ. ಮಗಳು ಆ ವೈಫೈಯಲ್ಲೇ ಕ್ಲಾಸಿಗೆ ಕೂತಿದ್ದಾಳೆ. ಹಾಗಾದರೆ ನಮ್ಮ ಐಡಿಯಲ್ಲಿ ಒಳಗಿರುವುದು ನಮ್ಮ ಮನೆಯ ಗೋಡೆ ಮೇಲಿನ ಬಾಕ್ಸೇನಾ?

ಠಾಣೆ ನೆಟ್‌ವರ್ಕ್ | ರಾತ್ರಿ 8:30

ಹೌದು ಅಕ್ಕ, ಅದೇ. ಮೊದಲಿದ್ದ ಬಾಕ್ಸ್ ಬ್ರಿಡ್ಜ್ ಆಗಿತ್ತು. ಅಂದ್ರೆ ಬೆಳಕನ್ನು ಕೇಬಲ್‌ಗೆ ದಾಟಿಸುವುದಷ್ಟೇ ಅದರ ಕೆಲಸ, ಲಾಗಿನ್ ಆಗುತ್ತಿದ್ದದ್ದು ನಿಮ್ಮ ರೌಟರ್. ಹೊಸ ಬಾಕ್ಸಿನಲ್ಲಿ ಹುಡುಗ ನಿಮ್ಮ ಐಡಿ, ಪಾಸ್‌ವರ್ಡ್ ತುಂಬಿದ್ದಾನೆ. ಅವರ ಎಲ್ಲ ಹೊಸ ಗಿರಾಕಿಗಳಿಗೂ ಹಾಗೇ ಮಾಡುತ್ತಿರಬೇಕು. ಜೊತೆಗೆ ನಿಮ್ಮ ರೌಟರ್ ಇದೆ ಅಂತ ಒಂದನೇ ಪೋರ್ಟ್‌ಗೆ ಬ್ರಿಡ್ಜ್ ಕೂಡ ಇಟ್ಟಿದ್ದಾನೆ. ಹಾಗಾಗಿ ಒಂದೇ ಐಡಿಗೆ ಎರಡು ಪೆಟ್ಟಿಗೆ ಕಾಯುತ್ತವೆ. ಕರೆಂಟ್ ಬಂದಾಗ ಎರಡೂ ಒಟ್ಟಿಗೆ ಏಳುತ್ತವೆ. ಮೊದಲು ಲಾಗಿನ್ ಆದದ್ದಕ್ಕೆ ಸೆಷನ್, ಎರಡನೆಯದಕ್ಕೆ ‘ಅಥೆಂಟಿಕೇಶನ್ ಫೇಲ್ಡ್’. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ ಅಂದಿರಲ್ಲ, ಅದರ ಕಾರಣ ಇದು. ಆಫೀಸಿನವರಿಗೆ ಐಡಿ ಆನ್‌ಲೈನ್ ಕಾಣುವುದೂ ಸುಳ್ಳಲ್ಲ. ಮ್ಯಾಕ್ ಯಾರದು ಅಂತ ಅವರು ನೋಡಲಿಲ್ಲ, ಅಷ್ಟೇ.

ಈಗ ಯೋಚಿಸಿ. ಹೊಸ ರೌಟರ್ ಕೊಂಡಿದ್ದರೆ ಅದಕ್ಕೂ ಇದೇ ಗತಿ ಆಗುತ್ತಿತ್ತು. ರಿಸೆಟ್ ಮಾಡಿದ್ದರೆ ‘ಅಥೆಂಟಿಕೇಶನ್ ಫೇಲ್ಡ್’ ಅನ್ನುವ ಸಾಲೇ ಕಾಣೆಯಾಗುತ್ತಿತ್ತು. ನಮಗೆ ದಾರಿ ತೋರಿಸಿದ್ದೇ ಆ ಸಾಲು.

ಭಾಂಡುಪ್ ಫೈಬರ್ | ರಾತ್ರಿ 8:50

ಹಳೇ ಸೆಷನ್ ಒಂದೇ ಕಾರಣ ಆಗಿದ್ದರೆ ಕ್ಲಿಯರ್ ಮಾಡಿದ ಮೇಲೆ ಐಡಿ ಆಫ್‌ಲೈನ್ ಆಗಿ ನಿಲ್ಲಬೇಕಿತ್ತು. ಕೂಡಲೇ ಆನ್‌ಲೈನ್ ಆಯಿತು ಅಂದಾಗಲೇ ಇನ್ನೊಂದು ಪೆಟ್ಟಿಗೆ ಇದೆ ಅಂತ ಗೊತ್ತಾಯಿತು.

ಸರಿಪಡಿಸಲು ನನ್ನ ಸಲಹೆ ಸುಲಭದ್ದು. ಬಿಳಿ ಬಾಕ್ಸೇ ಲಾಗಿನ್ ಆಗಲಿ. ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆಗ ಅದು ಬರೀ ವೈಫೈ ಕೊಡುತ್ತದೆ, ಐಪಿ ಹಂಚುವುದು ಬಾಕ್ಸಿನ ಕೆಲಸ. ಒಂದು ಎಚ್ಚರ: ಬಾಕ್ಸಿನ ಒಂದನೇ ಪೋರ್ಟ್ ಬ್ರಿಡ್ಜ್‌ಗೆ ಕಟ್ಟಿದೆ. ಕೇಬಲನ್ನು ಎರಡನೇ ಪೋರ್ಟ್‌ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಏನೂ ಬರುವುದಿಲ್ಲ. ಇದಕ್ಕೆ ಆಫೀಸಿನವರನ್ನು ಕಾಯಬೇಕಾಗಿಲ್ಲ.

ಠಾಣೆ ನೆಟ್‌ವರ್ಕ್ | ರಾತ್ರಿ 9:05

ಇವತ್ತಿನ ಮಟ್ಟಿಗೆ ಭಾಂಡುಪ್ ಅಣ್ಣ ಹೇಳಿದ್ದೇ ಸರಿ. ಆದರೆ ಶಾಶ್ವತವಾಗಿ ನಾನು ಇನ್ನೊಂದನ್ನು ಹೇಳುತ್ತೇನೆ. ಬಾಕ್ಸಿನೊಳಗಿನ ಪಿಪಿಪಿಒಇ ಅಳಿಸಿ, ಮೊದಲಿನ ಹಾಗೆ ಬರೀ ಬ್ರಿಡ್ಜ್ ಇಡಲು ಹೇಳಿ. ಬಾಕ್ಸ್ ಅವರದು. ಅದರ ಪಾಸ್‌ವರ್ಡ್ ಅವರ ಹತ್ತಿರ. ನಾಳೆ ಬದಲಾಯಿಸಿದರೆ ನಿಮ್ಮ ಮನೆಯ ಸೆಟ್ಟಿಂಗ್ ಎಲ್ಲ ಹೋಗುತ್ತದೆ. ಮಗಳ ಫೋನಿಗೆ ರಾತ್ರಿ ನೆಟ್ ನಿಲ್ಲಿಸುವಂಥ ವ್ಯವಸ್ಥೆ ಏನಾದರೂ ನಿಮ್ಮ ರೌಟರ್‌ನಲ್ಲಿದ್ದರೆ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಅದು ನಡೆಯದೇ ಹೋಗಬಹುದು. ಲಾಗಿನ್ ನಿಮ್ಮ ರೌಟರ್‌ನಲ್ಲೇ ಇರಲಿ.

ಎರಡನ್ನೂ ರೌಟರ್ ಆಗಿಯೇ ಒಂದರ ಹಿಂದೆ ಒಂದು ಇಡುವುದಾದರೆ ಎರಡರ ವಿಳಾಸವೂ 192.168.1.1 ಆಗಬಾರದು. ಒಂದನ್ನು 192.168.50.1 ಮಾಡಬೇಕು. ಎರಡೂ ಒಂದೇ ಇದ್ದರೆ ಮತ್ತೆ ಇದೇ ‘ಕನೆಕ್ಟೆಡ್, ನೋ ಇಂಟರ್ನೆಟ್’ ಕಾಣುತ್ತದೆ, ಕಾರಣ ಮಾತ್ರ ಬೇರೆ.

ವಾಸ್ಕೊ ಅಂಗಡಿ | ರಾತ್ರಿ 9:30

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮ ಅಂಗಡಿಯದ್ದೂ ಪಿಪಿಪಿಒಇ ಲೈನ್. ಹೊಸ ರೌಟರ್ ಹಾಕಿದ ಮೇಲೆ ವಿಚಿತ್ರ ತೊಂದರೆ. ಗೂಗಲ್ ತೆರೆಯುತ್ತದೆ, ವಿಡಿಯೊ ಬರುತ್ತದೆ. ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ ಮಾತ್ರ ತಿರುಗುತ್ತಲೇ ಇರುತ್ತವೆ. ಡಿಎನ್‌ಎಸ್ 8.8.8.8 ಹಾಕಿ ನೋಡಿದೆ, 1.1.1.1 ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಮೊಬೈಲ್ ಡೇಟಾದಲ್ಲಿ ಅದೇ ಪುಟಗಳು ತೆರೆಯುತ್ತವೆ.

ಠಾಣೆ ನೆಟ್‌ವರ್ಕ್ | ರಾತ್ರಿ 10:00

ಅಣ್ಣಾ, ಡಿಎನ್‌ಎಸ್ ತೊಂದರೆ ಆಗಿದ್ದರೆ ಪುಟ ತಿರುಗುತ್ತಾ ಕೂರುತ್ತಿರಲಿಲ್ಲ, ಸೈಟಿನ ವಿಳಾಸ ಸಿಗಲಿಲ್ಲ ಅಂತ ತಪ್ಪು ತೋರಿಸುತ್ತಿತ್ತು. ಅದನ್ನು ಪರೀಕ್ಷಿಸುವುದು ಸುಲಭ. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಪಿಂಗ್ 8.8.8.8 ಕೊಟ್ಟಾಗ ಉತ್ತರ ಬಂದು, ಸೈಟಿನ ಹೆಸರಿಗೆ ಪಿಂಗ್ ಕೊಟ್ಟಾಗ ಹೆಸರೇ ಸಿಗಲಿಲ್ಲ ಅಂದರೆ ಡಿಎನ್‌ಎಸ್. ನಿಮ್ಮದು ಅದಲ್ಲ. ನಿಮ್ಮದು ಎಂಟಿಯು ಇರಬೇಕು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಸಾಮಾನ್ಯ ಈಥರ್ನೆಟ್‌ನಲ್ಲಿ 1500 ಬೈಟ್. ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ತಗೊಳ್ಳುತ್ತದೆ, ಉಳಿದದ್ದು 1492. ದೊಡ್ಡ ಪ್ಯಾಕೆಟ್ ದಾಟದೆ ಬಿದ್ದುಹೋದಾಗ ‘ಚಿಕ್ಕದು ಕಳಿಸು’ ಅನ್ನುವ ಸಂದೇಶ ಆ ಕಡೆಗೆ ಹೋಗಬೇಕು. ಕೆಲವು ಸೈಟುಗಳ ಫೈರ್‌ವಾಲ್ ಆ ಸಂದೇಶವನ್ನೇ ತಡೆಯುತ್ತದೆ. ಆಗ ಅವರು ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಾರೆ, ನಿಮ್ಮ ಪುಟ ತಿರುಗುತ್ತಲೇ ಇರುತ್ತದೆ.

ವಿಂಡೋಸ್‌ನಲ್ಲಿ ಪಿಂಗ್ 8.8.8.8 ಬರೆದು, ಅದರ ಮುಂದೆ ಮೈನಸ್ ಎಫ್, ಮೈನಸ್ ಎಲ್, 1464 ಅಂತ ಕೊಡಿ. ತುಂಡು ಮಾಡದೆ ಕಳಿಸು ಅಂತ ಅರ್ಥ. 1464ಕ್ಕೆ ಪಿಂಗ್‌ನ ತಲೆಬರಹಗಳ 28 ಬೈಟ್ ಸೇರಿದರೆ 1492. ಉತ್ತರ ಬಂದರೆ ರೌಟರ್‌ನಲ್ಲಿ ಎಂಟಿಯು 1492 ಇಡಿ. ಬರದಿದ್ದರೆ 1464 ಅನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಿ. ಮೊದಲು ಉತ್ತರ ಬಂದ ಅಂಕಿಗೆ 28 ಕೂಡಿಸಿ, ಅದೇ ನಿಮ್ಮ ಎಂಟಿಯು.

ಡೊಂಬಿವಲಿ ಪೂರ್ವ | ಮರುದಿನ ಮಧ್ಯಾಹ್ನ 1:20

ಲೈನ್‌ಮನ್ ಬಂದು ಹೋದ. ನೀವು ಹೇಳಿದ್ದನ್ನು ಮರಾಠಿಯಲ್ಲಿ ಬರೆದಿಟ್ಟುಕೊಂಡಿದ್ದೆ: ‘ಬಾಕ್ಸ್ ಮಧಲಂ ಪಿಪಿಪಿಒಇ ಕಾಢಾ, ಫಕ್ತ ಬ್ರಿಡ್ಜ್ ಠೇವಾ’ (ಬಾಕ್ಸಿನೊಳಗಿನ ಪಿಪಿಪಿಒಇ ತೆಗೆಯಿರಿ, ಬರೀ ಬ್ರಿಡ್ಜ್ ಇಡಿ). ಅವನಿಗೆ ಕೂಡಲೇ ಅರ್ಥವಾಯಿತು. ಲ್ಯಾಪ್‌ಟಾಪ್ ಹಚ್ಚಿ ಬಾಕ್ಸಿನ ಪುಟ ತೆರೆದ. ವ್ಯಾನ್ ಪಟ್ಟಿಯಲ್ಲಿ ಎರಡು ಸಾಲು ಇದ್ದವು, ಒಂದು ರೌಟ್ (ಬಾಕ್ಸೇ ಲಾಗಿನ್ ಆಗುವುದು), ಒಂದು ಬ್ರಿಡ್ಜ್. ರೌಟ್ ಸಾಲಿನಲ್ಲಿ ನಮ್ಮದೇ ಯೂಸರ್‌ನೇಮ್ ಇತ್ತು. ಅದನ್ನು ಅಳಿಸಿದ. ಬಾಕ್ಸಿನ ವೈಫೈಯನ್ನೂ ಆಫ್ ಮಾಡಿಸಿದೆ. ಸ್ಟಿಕ್ಕರ್ ಮೇಲಿನ ಪಾಸ್‌ವರ್ಡ್‌ನಲ್ಲಿ ಅದು ಸುಮ್ನೆ ತೆರೆದಿರುವುದು ಬೇಡ ಅನ್ನಿಸಿತು.

ಅವನು ಇರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆವು. ರೌಟರ್ ಬಂತು, ವ್ಯಾನ್‌ನಲ್ಲಿ ಐಪಿ ಬಂತು. ಮತ್ತೊಮ್ಮೆ ಮಾಡಿದೆವು, ಆಗಲೂ ಬಂತು. ಐಪಿ 100.72 ಅಂತ ಶುರುವಾಗುತ್ತದೆ, ಅದರಿಂದ ತೊಂದರೆ ಇಲ್ಲ ತಾನೆ?

ಠಾಣೆ ನೆಟ್‌ವರ್ಕ್ | ಮಧ್ಯಾಹ್ನ 2:00

ಏನೂ ತೊಂದರೆ ಇಲ್ಲ ಅಕ್ಕ. 100.64ರಿಂದ 100.127ರವರೆಗಿನ ವಿಳಾಸಗಳನ್ನು ಕಂಪನಿಗಳು ಒಳಗಿನ ಹಂಚಿಕೆಗೆ ಇಟ್ಟುಕೊಳ್ಳುತ್ತವೆ. ಒಂದು ಹೊರಗಿನ ಐಪಿ ಹಿಂದೆ ಹಲವು ಮನೆಗಳು ಇರುತ್ತವೆ. ಕ್ಲಾಸ್, ವಿಡಿಯೊ ಕಾಲ್ ಎಲ್ಲ ನಡೆಯುತ್ತದೆ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೇರವಾಗಿ ತೆರೆಯಬೇಕಾದರೆ ಮಾತ್ರ ಅಡ್ಡಿ. ನಿಮ್ಮ ರೌಟರ್‌ನ ವ್ಯಾನ್ ಪುಟದ ಫೋಟೊ ಒಂದು ಈಗಲೇ ತೆಗೆದಿಡಿ, ಪಿಪಿಪಿಒಇ ಪಾಸ್‌ವರ್ಡ್ ಆಫೀಸಿನಿಂದ ಕೇಳಿ ಬರೆದಿಡಿ. ಮುಂದೆ ಎಂದಾದರೂ ರೌಟರ್ ಬದಲಾಯಿಸಿದರೆ ಅಷ್ಟು ಸಾಕು.

ಕೋಥ್ರೂಡ್ ಪಿಜಿ | ಮಧ್ಯಾಹ್ನ 2:45

ನನ್ನದೂ ಆಯಿತು ಸರ್. ಮ್ಯಾಕ್ ಬೇರೆಯೇ ಇತ್ತು. ಆಂಟಿ ಲಿಸ್ಟ್‌ನಲ್ಲಿ ಹೊಸದು ಹಾಕಿದ ಕೂಡಲೇ ನೆಟ್ ಬಂತು.

ವಾಸ್ಕೊ ಅಂಗಡಿ | ರಾತ್ರಿ 9:15

1464ಕ್ಕೆ ಉತ್ತರ ಬರಲಿಲ್ಲ. ಇಳಿಸುತ್ತಾ ಹೋದೆ, 1452ಕ್ಕೆ ಬಂತು. 28 ಸೇರಿಸಿ ಎಂಟಿಯು 1480 ಇಟ್ಟೆ. ಬ್ಯಾಂಕ್ ಪುಟ ಕೂಡಲೇ ತೆರೆಯಿತು, ಜಿಎಸ್‌ಟಿ ಪುಟದಲ್ಲಿ ಲಾಗಿನ್ ಕೂಡ ಆಯಿತು. ಪಕ್ಕದ ಮೆಡಿಕಲ್‌ನವರದ್ದೂ ಇದೇ ಲೈನ್, ಅವರಿಗೂ ಬ್ಯಾಂಕ್ ಪುಟ ಬರುತ್ತಿರಲಿಲ್ಲ. ನಾಳೆ ಅಂಗಡಿ ತೆರೆಯುವ ಮೊದಲು ಅವರ ರೌಟರ್‌ನಲ್ಲೂ ಹಾಕಿಕೊಡುತ್ತೇನೆ.